ಆಪ್ತಸಮಾಲೋಚಕಿಯ ಸಂಬಳ ಯಾರ ಹೊಣೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಕುಟುಂಬ ಸಮಾಲೋಚನೆ, ಹಿರಿಯರ ಆರೈಕೆ, ನೊಂದ ಮಹಿಳೆಯರಿಗೆ ನೆರವು ಮುಂತಾದ ಕೆಲಸಗಳಲ್ಲಿ ತೊಡಗಿರುವ ಸ್ವಯಂಸೇವಾ ಸಂಸ್ಥೆಗಳ ಹಣಕಾಸು ಮತ್ತು ಆಡಳಿತದ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಓದುಗರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ನಮ್ಮ ಸಂಘವು ಕುಟುಂಬ ಸಲಹಾ ಕೇಂದ್ರವನ್ನು ನಡೆಸುತ್ತಿದೆ. ಸರ್ಕಾರದ ಅನುದಾನ ಬರುವುದು ತಡವಾಗುತ್ತದೆ. ಊರಿನ ದಾನಿಗಳು ಫ್ಯಾನು, ಕುರ್ಚಿ, ಹೊಲಿಗೆ ಯಂತ್ರ ಕೊಡುತ್ತಾರೆಯೇ ಹೊರತು ಸಂಬಳಕ್ಕೆ ಹಣ ಕೇಳಿದರೆ ಹಿಂದೆ ಸರಿಯುತ್ತಾರೆ. ಎರಡು ವರ್ಷಗಳಲ್ಲಿ ಇಬ್ಬರು ಆಪ್ತಸಮಾಲೋಚಕಿಯರು ಕೆಲಸ ಬಿಟ್ಟರು. ದಾರಿ ಏನು? – ಸಂಘವೊಂದರ ಕಾರ್ಯದರ್ಶಿ

ಉತ್ತರ: ನಿಮ್ಮ ಕಷ್ಟ ಹೊಸದಲ್ಲ. ದುರ್ಗಾಬಾಯಿ ದೇಶಮುಖ್ ಅವರ ಅಧ್ಯಕ್ಷತೆಯಲ್ಲಿ 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆರಂಭವಾದಾಗಿನಿಂದಲೂ ಸರ್ಕಾರ ಅನುದಾನ ಕೊಡುವುದು, ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುವುದು ಎಂಬ ಪದ್ಧತಿ ನಮ್ಮಲ್ಲಿ ಬೇರೂರಿದೆ. ಅನುದಾನ ಮಂಜೂರಾದ ದಿನಕ್ಕೂ ಹಣ ಖಾತೆಗೆ ಬೀಳುವ ದಿನಕ್ಕೂ ನಡುವಿನ ತಿಂಗಳುಗಳನ್ನು ಯಾರು ತುಂಬಬೇಕು ಎಂಬ ಪ್ರಶ್ನೆಗೆ ಆ ಪದ್ಧತಿಯಲ್ಲಿ ಉತ್ತರವಿಲ್ಲ. ರೂಢಿಯಲ್ಲಿ ಅದನ್ನು ತುಂಬುತ್ತಿರುವವರು ಸಂಬಳವಿಲ್ಲದೆ ಕಾಯುವ ಸಿಬ್ಬಂದಿಯೇ.

ದಾನಿಗಳನ್ನು ದೂರುವುದಕ್ಕೆ ಮೊದಲು ಅವರ ಮುಂದೆ ಲೆಕ್ಕವನ್ನು ಹೇಗೆ ಇಡುತ್ತಿದ್ದೇವೆ ಎಂಬುದನ್ನು ನೋಡಿಕೊಳ್ಳಬೇಕು. ‘ಆಡಳಿತ ವೆಚ್ಚ’ ಎಂಬ ಒಂದೇ ಶೀರ್ಷಿಕೆಯಡಿ ಕಚೇರಿಯ ಬಾಡಿಗೆ, ಕಾಫಿ ಖರ್ಚು, ಆಪ್ತಸಮಾಲೋಚಕಿಯ ವೇತನ ಎಲ್ಲವನ್ನೂ ತುರುಕಿದ ಪಟ್ಟಿಯನ್ನು ನಾನು ಎಷ್ಟೋ ಸಂಸ್ಥೆಗಳಲ್ಲಿ ನೋಡಿದ್ದೇನೆ. ಆಸ್ಪತ್ರೆಯಲ್ಲಿ ವೈದ್ಯರ ವೇತನ ಹೇಗೋ ಸಲಹಾ ಕೇಂದ್ರದಲ್ಲಿ ಆಪ್ತಸಮಾಲೋಚಕಿಯ ವೇತನ ಹಾಗೆ: ಅದು ಸೇವೆಗೆ ಆಗುವ ಖರ್ಚಲ್ಲ, ಸೇವೆಯೇ ಅದು. ವಿದೇಶಿ ದೇಣಿಗೆಯ ನಿಯಮಗಳು ಕೂಡ, ಆಡಳಿತ ವೆಚ್ಚಕ್ಕೆ 2020ರ ತಿದ್ದುಪಡಿಯಿಂದ ಶೇ 20ರ ಮಿತಿ ಬಿದ್ದ ಮೇಲೂ, ಆಸ್ಪತ್ರೆಯ ವೈದ್ಯರು, ಶಾಲೆಯ ಶಿಕ್ಷಕರು ಮುಂತಾದವರ ವೇತನವನ್ನು ಆ ಲೆಕ್ಕದಿಂದ ಹೊರಗಿಡುತ್ತವೆ.

ಹೊಲಿಗೆ ಯಂತ್ರಕ್ಕೆ ದಾನಿಯ ಹೆಸರು ಬರೆಸಬಹುದು, ಸಂಬಳಕ್ಕೆ ಬರೆಸಲಾಗದು ಎಂಬುದು ನಿಜವಾದ ತೊಡಕು. ಆದ್ದರಿಂದ ಮೊತ್ತವನ್ನು ಸಣ್ಣದಾಗಿ ಒಡೆದು ಕೇಳಿ. ತಿಂಗಳಿಗೆ 20,000 ರೂಪಾಯಿ ವೇತನವೆಂದರೆ ತಲಾ 200 ರೂಪಾಯಿ ಕೊಡುವ 100 ಮಂದಿ; ತಾಲ್ಲೂಕು ಕೇಂದ್ರದಲ್ಲಿ ನಿವೃತ್ತ ಶಿಕ್ಷಕರು, ವಕೀಲರು, ಅಂಗಡಿಯವರು, ಬ್ಯಾಂಕ್ ನೌಕರರು ಸೇರಿ ಅಷ್ಟು ಜನ ಸಿಗದಿರುವುದು ಅಪರೂಪ. ಅದೇ ಮೊತ್ತವನ್ನು ಠೇವಣಿಯ ಬಡ್ಡಿಯಿಂದ ಪಡೆಯಬೇಕಾದರೆ, ಶೇ 6ರ ದರದಲ್ಲಿ 40 ಲಕ್ಷ ರೂಪಾಯಿಯ ಮೂಲನಿಧಿ ಬೇಕಾಗುತ್ತದೆ. ಮೂಲನಿಧಿಯನ್ನೂ ಕಟ್ಟುತ್ತಾ ಹೋಗಿ, ಆದರೆ ಅದನ್ನು ನಂಬಿ ಈ ವರ್ಷದ ನೇಮಕಾತಿ ಮಾಡಬೇಡಿ; ಹಾಗೂ ಮೂಲನಿಧಿಗೆಂದು ಕೊಡುವ ದಾನಿಯಿಂದ ಆ ಮಾತನ್ನು ಬರಹದಲ್ಲೇ ಪಡೆದುಕೊಳ್ಳಿ.

ತೆರಿಗೆ ವಿನಾಯಿತಿಯ ಆಸೆ ತೋರಿಸುವಾಗಲೂ ಎಚ್ಚರವಿರಲಿ. 80ಜಿ ಎಂದೇ ರೂಢಿಯಲ್ಲಿರುವ, ದೇಣಿಗೆಯ ಮೇಲಿನ ಆದಾಯ ತೆರಿಗೆ ಕಡಿತವು 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವ ವ್ಯಕ್ತಿಗಳಿಗಂತೂ ಸಿಗುವುದೇ ಇಲ್ಲ. ನಿಮ್ಮ ಊರಿನ ಸಂಬಳದಾರರಲ್ಲಿ ಹೊಸ ಪದ್ಧತಿಗೆ ಹೋದವರು ಬಹಳ ಮಂದಿ ಇರಬಹುದು. ಅವರಿಗೆ ವಿನಾಯಿತಿಯ ಮಾತಿಗಿಂತ ಕೆಲಸದ ಮಾತು ಹೇಳುವುದೇ ಒಳ್ಳೆಯದು.

ಪ್ರಶ್ನೆ: ನಾನು ಅಮೆರಿಕದಲ್ಲಿರುವ ಕನ್ನಡಿಗ. ಹುಟ್ಟೂರಿನ ಇಂಥ ಸಂಸ್ಥೆಗೆ ಹಣ ಕಳುಹಿಸಬೇಕೆಂದಿದ್ದೇನೆ. ಅವರ ಬಳಿ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲ. ಕಳುಹಿಸಬಹುದೇ?

ಉತ್ತರ: ನಿಮ್ಮ ಪಾಸ್‌ಪೋರ್ಟ್ ಯಾವುದು ಎಂಬುದರ ಮೇಲೆ ಉತ್ತರ ನಿಂತಿದೆ. ನೀವು ಇನ್ನೂ ಭಾರತದ ಪ್ರಜೆಯಾಗಿದ್ದರೆ, ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರತ್ವ ಪಡೆದಿದ್ದರೆ, ಕೈಯಲ್ಲಿ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ನೋಂದಣಿಯಾಗಲಿ ಕೇಂದ್ರ ಸರ್ಕಾರದ ಪೂರ್ವಾನುಮತಿಯಾಗಲಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇರುವ ಮತ್ತೊಂದು ಸಂಸ್ಥೆಗೆ ಕಳುಹಿಸಿ, ಅಲ್ಲಿಂದ ಇವರಿಗೆ ಕೊಡಿಸುವ ಹಳೆಯ ಉಪಾಯವನ್ನು 2020ರ ತಿದ್ದುಪಡಿ ಮುಚ್ಚಿದೆ. ಪಾಸ್‌ಪೋರ್ಟಿನ ಒಂದು ನಕಲನ್ನು ಸಂಸ್ಥೆಯ ಕಡತಕ್ಕೆ ಕೊಟ್ಟಿರಿ. ಮುಂದೆ ಲೆಕ್ಕಪರಿಶೋಧಕರು ಕೇಳಿದಾಗ ಕಾರ್ಯದರ್ಶಿ ಪರದಾಡುವುದು ತಪ್ಪುತ್ತದೆ.

ಪ್ರಶ್ನೆ: ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿ ಕೊಡಲು ಮುಂದೆ ಬಂದಿರುವ ಕಂಪನಿಯೊಂದು, ವರ್ಷಕ್ಕೆ ಎಷ್ಟು ದಂಪತಿಗಳನ್ನು ಒಂದುಗೂಡಿಸುತ್ತೀರಿ ಎಂಬ ಗುರಿಯನ್ನು ಒಪ್ಪಂದದಲ್ಲಿ ಬರೆಯುವಂತೆ ಕೇಳುತ್ತಿದೆ. ಬರೆಯಬಹುದೇ?

ಉತ್ತರ: ಬರೆಯಬೇಡಿ. ಈ ಒಂದು ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ರಾಜಿಯ ಸಂಖ್ಯೆಯನ್ನು ಯಶಸ್ಸಿನ ಅಳತೆಯಾಗಿ ಒಪ್ಪಿಕೊಂಡ ದಿನದಿಂದ ಆಪ್ತಸಮಾಲೋಚಕಿಯ ಕಿವಿ ಬದಲಾಗುತ್ತದೆ. ಎದುರಿಗೆ ಕುಳಿತ ಹೆಣ್ಣುಮಗಳು ‘ಅಲ್ಲಿಗೆ ಮತ್ತೆ ಹೋಗಲಾರೆ’ ಎಂದರೆ, ಮಾರ್ಚ್ ತಿಂಗಳ ವರದಿಯನ್ನು ನೆನೆದು ‘ಸ್ವಲ್ಪ ಹೊಂದಿಕೊಂಡು ನೋಡಮ್ಮಾ’ ಎನ್ನುವ ಒತ್ತಡ ಹುಟ್ಟುತ್ತದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದಕ್ಕೆ ತದ್ವಿರುದ್ಧವಾದ ನಿಲುವು ತಳೆದಿದೆ. ಆ ಕಾಯ್ದೆಯಡಿ ನ್ಯಾಯಾಲಯದ ಸೂಚನೆಯಂತೆ ನಡೆಯುವ ಸಮಾಲೋಚನೆಯಲ್ಲಿ, ದೌರ್ಜನ್ಯಕ್ಕೆ ಸಮರ್ಥನೆ ಕೊಡಲು ಎದುರಾಳಿಗೆ ಅವಕಾಶವಿಲ್ಲವೆಂದು 2006ರ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ದೌರ್ಜನ್ಯ ಮರುಕಳಿಸುವುದಿಲ್ಲ ಎಂಬ ಭರವಸೆ ಪಡೆಯುವುದು ಅಲ್ಲಿನ ಉದ್ದೇಶ. ಕಾನೂನು ನೆರವು ಪಡೆದು ಬೇರೆಯಾಗಿ ನೆಮ್ಮದಿಯಿಂದಿರುವ ತಾಯಿ-ಮಕ್ಕಳೂ ನಿಮ್ಮ ಕೇಂದ್ರದ ಕೆಲಸದ ಫಲವೇ ಆಗಿದ್ದಾರೆ, ಆದರೆ ಕಂಪನಿ ಕೇಳಿರುವ ಕಲಮಿನಲ್ಲಿ ಅವರಿಗೆ ಜಾಗವಿಲ್ಲ.

ಹಾಗೆಂದು ಲೆಕ್ಕವನ್ನೇ ಕೊಡುವುದಿಲ್ಲ ಎನ್ನುವುದೂ ಸರಿಯಲ್ಲ. ಎಷ್ಟು ಮಂದಿ ಬಂದರು, ಎಷ್ಟು ಮಂದಿ ಎರಡನೆಯ ಮತ್ತು ಮೂರನೆಯ ಬಾರಿ ಬಂದರು, ಆರು ತಿಂಗಳ ನಂತರ ಎಷ್ಟು ಮಂದಿಯ ಮನೆಗೆ ಭೇಟಿ ಕೊಟ್ಟಿರಿ ಅಥವಾ ಫೋನಿನಲ್ಲಿ ವಿಚಾರಿಸಿದಿರಿ, ಎಷ್ಟು ಪ್ರಕರಣಗಳು ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಬಳಿಗೆ ಹೋದವು ಎಂಬುದನ್ನು ಕೊಡಿ. ಕಂಪನಿಯ ಅಧಿಕಾರಿಗಳು ಕೆಟ್ಟವರೇನಲ್ಲ. ಅವರ ನಮೂನೆ ಗಿಡ ನೆಡುವ ಯೋಜನೆಗೆಂದು ತಯಾರಾಗಿರುತ್ತದೆ. ಮಾತನಾಡುವಾಗ ಇನ್ನೂ ಒಂದು ವಿಷಯ ಕೇಳಿ: 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಸಿಎಸ್‌ಆರ್ ನಿಯಮಗಳ ಪ್ರಕಾರ ಒಂದು ಯೋಜನೆಯನ್ನು ಆರಂಭದ ವರ್ಷವಲ್ಲದೆ ಮುಂದಿನ ಮೂರು ವರ್ಷಗಳವರೆಗೆ ನಡೆಸಬಹುದು. ವರ್ಷ ವರ್ಷವೂ ಹೊಸ ಒಪ್ಪಂದಕ್ಕೆ ಕಾಯುವುದಕ್ಕಿಂತ ಹಾಗೆ ಮಾಡಿಕೊಂಡರೆ, ಆಪ್ತಸಮಾಲೋಚಕಿಗೆ ಅಷ್ಟು ಕಾಲದ ನೇಮಕಪತ್ರ ಕೊಡುವ ಧೈರ್ಯ ನಿಮಗೆ ಬರುತ್ತದೆ. ಸಂಸ್ಥೆಗೆ ಸಿಎಸ್‌ಆರ್-1 ನೋಂದಣಿ (ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳು ಕೇಂದ್ರ ಸರ್ಕಾರದಲ್ಲಿ ಮಾಡಿಸಬೇಕಾದದ್ದು) ಆಗಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಿ. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ.

ಪ್ರಶ್ನೆ: ನಮ್ಮ ಸಂಸ್ಥೆಯ ಸ್ಥಾಪಕಿಗೆ ಈಗ 78 ವರ್ಷ. ಎಲ್ಲರೂ ಅವರನ್ನು ಅಮ್ಮ ಎಂದೇ ಕರೆಯುತ್ತೇವೆ. ಮುಂದೆ ತಮ್ಮ ಮಗನೇ ನೋಡಿಕೊಳ್ಳುತ್ತಾನೆ ಎಂದು ಅವರು ಹೇಳುತ್ತಿದ್ದಾರೆ. ಮಗ ಒಳ್ಳೆಯವರು, ಆದರೆ ಈ ಕೆಲಸ ಗೊತ್ತಿಲ್ಲ. ನಾವು ಸದಸ್ಯರು ಏನು ಮಾಡಬೇಕು?

ಉತ್ತರ: ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಸಂಘವೋ ಟ್ರಸ್ಟೋ ಎಂಬುದನ್ನು ಪತ್ರದಲ್ಲಿ ಹೇಳಿಲ್ಲ, ‘ಸದಸ್ಯರು’ ಎಂದಿರುವುದರಿಂದ ಸಂಘವೆಂದು ಭಾವಿಸಿದ್ದೇನೆ. ಸಂಘಕ್ಕೆ ವಾರಸುದಾರರಿರುವುದಿಲ್ಲ. ಬೈಲಾದ ಪ್ರಕಾರ ಸರ್ವ ಸದಸ್ಯರ ಸಭೆಯಲ್ಲಿ ಆಡಳಿತ ಮಂಡಳಿಯ ಆಯ್ಕೆ ನಡೆಯಬೇಕು, ಆ ಪಟ್ಟಿಯನ್ನು ಲೆಕ್ಕಪತ್ರದೊಂದಿಗೆ ಪ್ರತಿವರ್ಷ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಮಗ ಸದಸ್ಯರಾಗಿ, ಎಲ್ಲರಂತೆ ಚುನಾಯಿತರಾಗಿ ಬರುವುದಕ್ಕೆ ಅಡ್ಡಿಯಿಲ್ಲ. ಅವರು ಸಂಬಳದ ಹುದ್ದೆಗೆ ಬರುವುದಾದರೆ, ಕೆಲಸಕ್ಕೆ ತಕ್ಕ ಸಂಬಳವನ್ನು ಮೀರಿ ಪದಾಧಿಕಾರಿಗಳ ಹತ್ತಿರದ ಬಂಧುಗಳಿಗೆ ಕೊಟ್ಟದ್ದು ತೆರಿಗೆ ವಿನಾಯಿತಿಗೇ ಕುತ್ತು ತರಬಲ್ಲದು.

ಕಾನೂನು ಇಷ್ಟು. ಆದರೆ ಅಮ್ಮನಿಗೆ ಕಾಯ್ದೆಯ ಪುಸ್ತಕ ತೋರಿಸಿ ಮಾತು ಆರಂಭಿಸಬೇಡಿ. ಕಲೆಕ್ಟರ್ ಕಚೇರಿಯಲ್ಲಿ ಯಾರನ್ನು ಕಾಣಬೇಕು, ಯಾವ ಪೊಲೀಸ್ ಠಾಣೆಯಲ್ಲಿ ಮಾತು ನಡೆಯುತ್ತದೆ, ಯಾವ ದಾನಿಗೆ ಯುಗಾದಿಯ ಹಿಂದಿನ ವಾರ ಫೋನು ಮಾಡಬೇಕು ಎಂಬುದೆಲ್ಲ ಇವತ್ತು ಅವರ ತಲೆಯಲ್ಲಿ ಮಾತ್ರ ಇದೆ, ಮತ್ತು ಅದನ್ನು ಯಾರಿಗೆ ಒಪ್ಪಿಸಲಿ ಎಂಬ ಭಯದಲ್ಲೇ ಅವರು ಮಗನ ಹೆಸರು ಹೇಳುತ್ತಿರಬಹುದು. ಒಬ್ಬ ಹಿರಿಯ ಆಪ್ತಸಮಾಲೋಚಕಿಯನ್ನು ಒಂದು ವರ್ಷ ಅವರ ಜೊತೆಗೇ ಕೂರಿಸಿ, ಪ್ರತಿ ಸಭೆಗೂ ಪ್ರತಿ ದಾನಿಯ ಮನೆಗೂ ಜೊತೆಯಾಗಿ ಕಳುಹಿಸಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಕಡ್ಡಾಯವೆಂದು ಈಗಲೇ ನಿರ್ಣಯ ಮಾಡಿ. ಅಮ್ಮನವರು ಅಸ್ವಸ್ಥರಾದ ತಿಂಗಳು ಸಂಬಳ ನಿಂತುಹೋಗದಂತೆ ಮೂರನೆಯವರೊಬ್ಬರಿಗೂ ಸಹಿಯ ಅಧಿಕಾರ ಇರಲಿ. ಗೌರವ ಅಧ್ಯಕ್ಷೆಯ ಸ್ಥಾನವನ್ನು ಅವರಿಗೆ ಮೀಸಲಿಡುವುದಾದರೆ, ಆ ಸ್ಥಾನಕ್ಕೆ ಮತದಾನದ ಹಕ್ಕು ಉಂಟೋ ಇಲ್ಲವೋ ಎಂಬುದನ್ನು ಬೈಲಾದಲ್ಲಿ ಬರೆಯುವ ಮುಜುಗರವನ್ನು ಸಹಿಸಿಕೊಳ್ಳಿ.

ಪ್ರಶ್ನೆ: ಪ್ರಶಸ್ತಿಗಳಿಗೆ ಅರ್ಜಿ ಹಾಕುವುದು ಸಣ್ಣತನವೆಂದು ನಮ್ಮ ಅಧ್ಯಕ್ಷರು, ಹಾಕದಿದ್ದರೆ ಯಾರೂ ಗುರುತಿಸುವುದಿಲ್ಲವೆಂದು ನಾವು. ತಮ್ಮ ಅಭಿಪ್ರಾಯವೇನು?

ಉತ್ತರ: ಅರ್ಜಿ ಹಾಕುವುದರಲ್ಲಿ ಸಣ್ಣತನವಿಲ್ಲ. ಮಹಿಳೆಯರ ಕ್ಷೇತ್ರದಲ್ಲಿ ದುಡಿಯುವ ಸಂಸ್ಥೆಗಳಿಗೆ ರಾಜ್ಯದಲ್ಲಿ ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿಯಂಥವು ಇವೆ, ಮತ್ತು ಇಂಥ ಒಂದು ಪತ್ರ ಕಡತದಲ್ಲಿದ್ದರೆ ಮುಂದಿನ ದಾನಿಯ ಬಾಗಿಲು ಬೇಗ ತೆರೆಯುತ್ತದೆ. ಹಣ ಕೊಟ್ಟರೆ ಪ್ರಶಸ್ತಿ ಕೊಡುವ ‘ಅಂತರರಾಷ್ಟ್ರೀಯ’ ಸಂಸ್ಥೆಗಳ ಫೋನು ಬಂದರೆ ಮಾತ್ರ ಇಟ್ಟುಬಿಡಿ. ಆ ಶಾಲು, ಮೈಸೂರು ಪೇಟ, ನೆನಪಿನ ಫಲಕಗಳ ಖರ್ಚು ಕೊನೆಗೆ ನಿಮ್ಮ ರಸೀದಿ ಪುಸ್ತಕದಿಂದಲೇ ಹೋಗಿರುತ್ತದೆ.

ಅರ್ಜಿಯೊಂದಿಗೆ ಕೇಳುವ ‘ಯಶೋಗಾಥೆ’ಯ ಬಗ್ಗೆ ನನ್ನ ಆತಂಕ ಹೆಚ್ಚು. ಸಣ್ಣ ಊರಿನಲ್ಲಿ ಹೆಸರು ಬದಲಾಯಿಸಿದರೆ ಸಾಲದು. ಗಂಡನ ಕಸುಬು, ಮಕ್ಕಳ ಸಂಖ್ಯೆ, ಬೀದಿಯ ಹೆಸರು ಸೇರಿದರೆ ಯಾರೆಂಬುದು ಓದಿದವರಿಗೆಲ್ಲ ತಿಳಿಯುತ್ತದೆ. ಫೋಟೊವನ್ನಂತೂ ಕೊಡಲೇಬೇಡಿ, ಆಕೆ ಒಪ್ಪಿದರೂ. ನೆರವು ಪಡೆದವರು ನೆರವು ಕೊಟ್ಟವರಿಗೆ ‘ಬೇಡ’ ಎನ್ನುವುದು ಸುಲಭವಲ್ಲ. ಅದರ ಬದಲು ಕೇಂದ್ರದಲ್ಲಿ ದುಡಿಯುವ ಆಪ್ತಸಮಾಲೋಚಕಿಯರ ಹೆಸರು, ಅವರು ಸೇವೆ ಸಲ್ಲಿಸಿದ ವರ್ಷಗಳನ್ನು ಬರೆಯಿರಿ. ವೇದಿಕೆಗೆ ಕರೆ ಬಂದ ದಿನ ಅಧ್ಯಕ್ಷರ ಜೊತೆ ಅವರಲ್ಲಿ ಒಬ್ಬರನ್ನಾದರೂ ಕರೆದುಕೊಂಡು ಹೋಗಿ, ಆ ದಿನವನ್ನು ಅವರ ರಜೆಯ ಲೆಕ್ಕಕ್ಕೆ ಹಾಕಬೇಡಿ.