ಬಂಗಲೆ ಎದುರಿನ ಸೈಪ್ರಸ್ ಕಾಡುಮರವೇ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಓದುತ್ತಿದ್ದೇನೆ. ಹರ್ಬೇರಿಯಂ ಹಾಳೆಗೆಂದು (ಗಿಡ ಒತ್ತಿ ಒಣಗಿಸಿ ಅಂಟಿಸುವ ಹಾಳೆ) ಕೊಪ್ಪದ ಹತ್ತಿರದ ಎಸ್ಟೇಟ್ ಬಂಗಲೆ ಎದುರಿನ ಸೈಪ್ರಸ್ ಕೊಂಬೆ ತಂದಿದ್ದೇನೆ. ಚೀಟಿಯಲ್ಲಿ ‘ಮಲೆನಾಡಿನ ಕಾಡುಮರ’ ಅಂತ ಬರೆಯಬಹುದಾ? ಅಣ್ಣ ಶಿಮ್ಲಾದಿಂದ ತಂದ ದೇವದಾರು ಕೊಂಬೆಯನ್ನೂ ಒತ್ತಿಟ್ಟಿದ್ದೆ. ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿದಿದೆ. ಏನು ಮಾಡಲಿ?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಖಂಡಿತ ಹಾಗೆ ಬರೆಯಬೇಡಿ. ಸೈಪ್ರಸ್ ಆಗಲಿ ದೇವದಾರು ಆಗಲಿ ನಮ್ಮ ಕಾಡಿನಲ್ಲಿ ತಾನಾಗಿ ಹುಟ್ಟುವ ಮರಗಳಲ್ಲ. (ನಮ್ಮ ಬಿಳಿ ದೇವದಾರಿ ಬೇವಿನ ಬಳಗದ್ದು, ಅದರ ಲೆಕ್ಕವೇ ಬೇರೆ.) ಬಂಗಲೆ ಎದುರು ನಿಂತಿದೆ ಅಂದರೆ ಯಾರೋ ನೆಟ್ಟಿದ್ದೇ ಅಲ್ವಾ? ‘ನೆಟ್ಟ ಮರ, ಎಸ್ಟೇಟ್ ಬಂಗಲೆಯ ಅಂಗಳ’ ಅಂತಲೇ ಬರೆಯಿರಿ. ಊರು, ತಾಲ್ಲೂಕು, ತಾರೀಖು ಹೇಗೂ ಬೇಕು.

ಸುಮ್ನೆ ಶಾಸ್ತ್ರಕ್ಕೆ ಹೇಳುತ್ತಿಲ್ಲ. ನೆಟ್ಟ ಮರವನ್ನು ಅಲ್ಲಿಯದೇ ಕಾಡುಮರ ಅಂದುಕೊಳ್ಳುವ ಎಡವಟ್ಟು ಸೈಪ್ರಸ್ ಮರಗಳಲ್ಲೇ ಜಾಸ್ತಿ. ಕುಪ್ರೆಸಸ್ ಲೂಸಿಟಾನಿಕಾ ಎಂಬ ಸೈಪ್ರಸ್ ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಬೆಟ್ಟದ ಮರ. ಪೋರ್ಚುಗಲ್‌ನಲ್ಲಿ ಅದನ್ನು ಬೆಳೆಸುತ್ತಿದ್ದರು. 1768ರಲ್ಲಿ ಇಂಗ್ಲೆಂಡಿನ ಸಸ್ಯತಜ್ಞ ಫಿಲಿಪ್ ಮಿಲ್ಲರ್ ಮರಕ್ಕೆ ಪೋರ್ಚುಗಲ್ ಹೆಸರನ್ನೇ (ಲೂಸಿಟಾನಿಯಾ ಅದರ ಹಳೇ ಹೆಸರು) ಇಟ್ಟುಬಿಟ್ಟ. ಅಷ್ಟು ಸಾಲದು ಅಂತ, ಅದು ಗೋವಾದಿಂದ ಹೋದದ್ದು ಎಂದೂ ಜನ ನಂಬಿದರು. ‘ಗೋವಾ ಸೀಡರ್’ ಎಂಬ ಹೆಸರು ಇವತ್ತಿಗೂ ಉಳಿದಿದೆ. ಕಾರವಾರ ದಾಟಿದರೆ ಗೋವಾ, ಅಲ್ಲಿನ ಕಾಡಿನಲ್ಲಿ ಎಲ್ಲಿದೆ ಸೈಪ್ರಸ್! ಕುಪ್ರೆಸಸ್ ಕಾಶ್ಮೀರಿಯಾನಾ ಕಥೆಯೂ ಅಷ್ಟೇ. ಬೆಳೆಸಿದ ಗಿಡ ನೋಡಿ 1867ರಲ್ಲಿ ಅದನ್ನು ವರ್ಣಿಸಿದರು. ಅದು ಕಾಡುಮರವಾಗಿ ಇರುವುದು ಭೂತಾನ್, ಅರುಣಾಚಲದ ಕಡೆ, ಕಾಶ್ಮೀರದಲ್ಲಲ್ಲ.

ಸೈಪ್ರಸ್‌ಗೆ ಕಾಯಿ ಬೇಕೇ ಬೇಕು. ಬರೀ ಸೊಪ್ಪು ನೋಡಿ ಯಾವ ಜಾತಿ ಅಂತ ಹೇಳುವುದು ಕಷ್ಟ. ದುಂಡನೆಯ ಆ ಗಟ್ಟಿ ಕಾಯಿಯನ್ನು ಒತ್ತಲು ಹೋಗಬೇಡಿ. ಕವರಿಗೆ ಹಾಕಿ, ಹಾಳೆಯ ನಂಬರನ್ನೇ ಅದಕ್ಕೂ ಬರೆದಿಡಿ. ಮಳೆಗಾಲದಲ್ಲಿ ಪೇಪರ್ ದಿನಾ ಬದಲಿಸದಿದ್ದರೆ ಬೂಷ್ಟು ಗ್ಯಾರಂಟಿ. ನಾನಂತೂ ಬಚ್ಚಲ ಹಂಡೆ ಒಲೆಯ ಹತ್ತಿರವೇ ಇಟ್ಟು ಒಣಗಿಸುತ್ತಿದ್ದೆ. ಹಳೇ ದಿನಪತ್ರಿಕೆ ಸಾಕು. ಈ ಪತ್ರಿಕೆಯ ನುಣುಪು ಹಾಳೆ ನೀರು ಹೀರುವುದಿಲ್ಲ, ಸಂಪಾದಕರು ಬೇಜಾರು ಮಾಡಿಕೊಳ್ಳಬಾರದು.

ಇನ್ನು ದೇವದಾರು. ಅದರ ಸೂಜಿ ಎಲೆಗಳು ಗಿಡ್ಡ ಕಡ್ಡಿಗಳ ಮೇಲೆ ಗೊಂಚಲಾಗಿರುತ್ತವೆ, ಒಣಗುತ್ತಾ ಕಳಚಿಕೊಳ್ಳುತ್ತವೆ. ಒತ್ತುವ ಮೊದಲು ಕೊಂಬೆಯನ್ನು ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಉದುರುವುದು ಕಡಿಮೆ. ಮುಂದಿನ ಸಲಕ್ಕೆ ನೆನಪಿರಲಿ. ಈಗ ಉದುರಿದ್ದನ್ನು ಗುಡಿಸಿ ಎಸೆದಿಲ್ಲ ತಾನೆ? ಕಾಗದದ ಪೊಟ್ಟಣ ಕಟ್ಟಿ ಕಡ್ಡಿಯ ಪಕ್ಕದಲ್ಲೇ ಅಂಟಿಸಿ.

ಕೊಂಬೆ ಕಿತ್ತಿದ್ದು ಎಲ್ಲಿ ಅಂತ ಅಣ್ಣನನ್ನು ಕೇಳಿ. ದೇವದಾರು ಪಶ್ಚಿಮ ಹಿಮಾಲಯದ ಕಾಡುಮರ ನಿಜ. ಆದರೆ ಹೋಟೆಲ್ ಅಂಗಳದಲ್ಲಿ ಕಿತ್ತಿದ್ದರೆ ಅದೂ ನೆಟ್ಟಿದ್ದೇ ಇರಬಹುದು. ಅಣ್ಣನಿಗೆ ಮರೆತೇಹೋಗಿದ್ದರೆ ‘ಕಾಡಿನದೋ ನೆಟ್ಟಿದ್ದೋ ತಿಳಿಯದು’ ಅಂತ ಬರೆದುಬಿಡಿ. ಅದಕ್ಕೆ ಲೆಕ್ಚರರ್ ಅಂಕ ಕಡಿದರೆ ನನ್ನ ಹೆಸರು ಹೇಳಿ.