ಬೇಲಿಯ ದುಡ್ಡು ಬೇರೆ, ಬಾನುಲಿಯ ಮಾತು ಬೇರೆ

ಓದುಗರ ಪತ್ರ: ನಾವು ಮಡಿಕೇರಿ ಸಮೀಪದ ಕಾಲೇಜೊಂದರ ಪತ್ರಿಕೋದ್ಯಮ ತರಗತಿಯ ಹದಿನಾಲ್ಕು ಮಂದಿ. ಸೆಪ್ಟೆಂಬರ್ ಕೊನೆಯೊಳಗೆ 15 ನಿಮಿಷದ ಬಾನುಲಿ ಕಾರ್ಯಕ್ರಮ ಸಿದ್ಧಪಡಿಸಿ ಒಪ್ಪಿಸಬೇಕು, ಅದಕ್ಕೆ ಅಂಕವಿದೆ. ಅದೇ ಹೊತ್ತಿಗೆ ಅಂಗನವಾಡಿ ಪಕ್ಕದ ಸಮುದಾಯ ಕೈತೋಟದ ಬೇಲಿಗೂ ನೀರಿನ ತೊಟ್ಟಿಗೂ ಹಣ ಕೂಡಿಸುವ ಹೊಣೆ ಹೊತ್ತಿದ್ದೇವೆ. ಹೂಗಿಡ ಮಾರಿ ದುಡ್ಡು ಮಾಡುವ ಯೋಚನೆಯೂ ಇದೆ. ಎರಡು ದೋಣಿಯಲ್ಲಿ ಕಾಲಿಟ್ಟಂತಾಗಿದೆ. ಹಣ ಸಂಗ್ರಹವನ್ನೇ ಕಾರ್ಯಕ್ರಮದ ವಿಷಯ ಮಾಡಿಕೊಳ್ಳಿ ಎನ್ನುತ್ತಾರೆ ಉಪನ್ಯಾಸಕರು. ಒಂದನ್ನು ಕೈಬಿಡೋಣ ಎನ್ನುತ್ತಾರೆ ಅರ್ಧದಷ್ಟು ಗೆಳೆಯರು. ಯಾವುದನ್ನು ಬಿಡಲಿ? ರೆಸಾರ್ಟ್ ಒಂದು ಹಣ ಕೊಡಲು ಮುಂದೆ ಬಂದಿದೆ, ಆದರೆ ಕಾರ್ಯಕ್ರಮದಲ್ಲಿ ತನ್ನ ಹೆಸರು ಹೇಳಬೇಕಂತೆ. ಒಪ್ಪಬಹುದೇ?
– ಹೆಸರು ಬೇಡವೆಂದ ವಿದ್ಯಾರ್ಥಿನಿ

ಸಂಪಾದಕರ ಉತ್ತರ:

ಪ್ರಿಯ ವಿದ್ಯಾರ್ಥಿನಿ,

ಯಾವುದನ್ನೂ ಬಿಡಬೇಡಿ. ಆದರೆ ನಿಮ್ಮ ಉಪನ್ಯಾಸಕರ ಸಲಹೆಯಲ್ಲಿ ಅರ್ಧವನ್ನು ಮಾತ್ರ ಒಪ್ಪುತ್ತೇನೆ. ಕೈತೋಟ ನಿಮ್ಮ ಕಾರ್ಯಕ್ರಮದ ವಿಷಯವಾಗಲಿ, ಹಣ ಸಂಗ್ರಹ ಆಗುವುದು ಬೇಡ. ‘ಉದಾರವಾಗಿ ನೆರವಾಗಿ’ ಎಂಬ ಮನವಿಯತ್ತಲೇ ಸಾಗುವ ಕಾರ್ಯಕ್ರಮವನ್ನು ಕೇಳುಗರು ಎರಡನೆಯ ನಿಮಿಷಕ್ಕೇ ಗುರುತಿಸಿಬಿಡುತ್ತಾರೆ. ಅಲ್ಲದೆ ತರಗತಿಯಲ್ಲಿ ಅದನ್ನು ಕೇಳುವವರು ನಿಮ್ಮ ಸಹಪಾಠಿಗಳು ಮತ್ತು ಅಂಕ ಹಾಕುವವರು. ಅವರ ಕಿಸೆಯಿಂದ ಎಷ್ಟು ಹುಟ್ಟೀತು? ನಮ್ಮ ಜಿಲ್ಲೆಯಲ್ಲಿ ಇಂಥ ಕೆಲಸಕ್ಕೆ ದುಡ್ಡು ಹುಟ್ಟುವುದು ಮನೆಯ ಜಗಲಿಯಲ್ಲಿ ಕುಳಿತು, ಕೊಟ್ಟ ಕಾಫಿ ಕುಡಿದು, ಯಾರ ಮನೆಯ ಮಗಳು ಎಂದು ಹೇಳಿಕೊಂಡ ಮೇಲೆ.

ಹಾಗಾದರೆ ಸಮಯ? ನೀವು ಎರಡನ್ನೂ ಒಂದೇ ಹೊತ್ತಿಗೆ ಮಾಡಲು ಹೊರಟಿರುವುದೇ ತೊಡಕು. ಈಗ ಆಗಸ್ಟ್. ಗದ್ದೆ ಇರುವವರು ನಾಟಿಯ ಕೆಸರಿನಲ್ಲಿದ್ದಾರೆ, ಕೂಲಿಯವರು ಸಿಗದೆ ತಲೆ ಕೆಟ್ಟಿರುತ್ತದೆ. ಈಗ ರಸೀದಿ ಪುಸ್ತಕ ಹಿಡಿದು ಹೋದರೆ ಬಾಗಿಲಲ್ಲೇ ಮಾತು ಮುಗಿಯುತ್ತದೆ. ನಾಟಿ ಮುಗಿದು, ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಮುಹೂರ್ತ ಹಬ್ಬ ಕಳೆಯಲಿ. ಆಮೇಲೆ ಜನರಿಗೂ ಬಿಡುವು, ಮನಸ್ಸೂ ಹಗುರ. ಆದ್ದರಿಂದ ಧ್ವನಿಮುದ್ರಣ ಆಗಸ್ಟ್‌ನಲ್ಲಿ, ಮನೆಮನೆ ಭೇಟಿ ಸೆಪ್ಟೆಂಬರ್‌ನಲ್ಲಿ. ಆ ತಿಂಗಳು ಸಂಕಲನಕ್ಕೆ ಮೂರು ಜನ ಸಾಕು, ಉಳಿದವರು ತಿರುಗಾಡಲಿ. ಒಂದನ್ನು ಬಿಡೋಣ ಎನ್ನುವ ಗೆಳೆಯರಿಗೆ ತಾವೇ ಒಂದನ್ನು ಆರಿಸಿಕೊಳ್ಳಲು ಹೇಳಿ. ಹದಿನಾಲ್ಕೂ ಮಂದಿ ಎಲ್ಲ ಕೆಲಸಕ್ಕೂ ಬರಬೇಕೆಂಬ ಹಟವೇ ಜಗಳದ ಮೂಲ.

ಇನ್ನು ಬೇಲಿ. ಇದಕ್ಕೆ ಇಷ್ಟು ಹಣ ಬೇಕೇ ಎಂಬುದೇ ನನ್ನ ಅನುಮಾನ. ಹಾಲುವಾಣ, ಗ್ಲಿರಿಸಿಡಿಯಾ ಗಿಡಗಳ ಗೂಟ ಮಳೆಗಾಲದಲ್ಲಿ ನೆಟ್ಟಲ್ಲೇ ಬೇರು ಬಿಡುತ್ತದೆ. ಮಣಿಕಟ್ಟಿನ ದಪ್ಪದ, ಆಳೆತ್ತರದ ಕೊಂಬೆಗಳನ್ನು ಬುಡದಲ್ಲಿ ಓರೆಯಾಗಿ ಕಡಿದು, ಒಂದೂವರೆ ಅಡಿ ಆಳಕ್ಕೆ ಹೂತು, ಸುತ್ತ ಮಣ್ಣು ತುಳಿದರೆ ಸರಿ. ಗೂಟಗಳ ನಡುವೆ ಅಡ್ಡಲಾಗಿ ಗಳುಗಳನ್ನು ಕಟ್ಟಿ. ಕಾಫಿ ತೋಟದವರನ್ನು ದುಡ್ಡು ಕೇಳುವ ಬದಲು ಈ ಗೂಟಗಳನ್ನು ಕೇಳಿ. ಇಲ್ಲ ಎನ್ನುವವರು ಅಪರೂಪ. ಗ್ಲಿರಿಸಿಡಿಯಾ ಸೊಪ್ಪು ಮುಂದೆ ತೋಟಕ್ಕೇ ಗೊಬ್ಬರ. ದನ, ಆಡು ಇದಕ್ಕೆ ನಿಲ್ಲುತ್ತವೆ. ಕಾಡುಹಂದಿ ನಿಲ್ಲುವುದಿಲ್ಲ, ಆನೆಯ ಮಾತು ಬಿಡಿ, ಅದು ನೀವು ಕೂಡಿಸುವ ಹಣದ ತಂತಿಗೂ ನಿಲ್ಲದು. ಹೀಗೆ ಮಾಡಿದರೆ ತೊಟ್ಟಿಗಷ್ಟೇ ಹಣ ಸಾಕಾಗುತ್ತದೆ.

ಗಿಡ ಮಾರಿ ದುಡ್ಡು ಮಾಡುವ ಯೋಚನೆಯನ್ನೂ ಬರೆದಿದ್ದೀರಿ. ಡೇಲಿಯಾ ಗಡ್ಡೆಯನ್ನೂ ಹೂಗಿಡದ ಕಡ್ಡಿಯನ್ನೂ ನೆಂಟರಿಂದ ಕೇಳಿ ತರುವ ಊರಿನಲ್ಲಿ ಅವನ್ನು ಕೊಳ್ಳುವವರು ಯಾರು? ಮಾರುವುದಾದರೆ ಕಾಳುಮೆಣಸಿನ ಬಳ್ಳಿ ಮಾರಿ, ಆದರೆ ಮುಂದಿನ ವರ್ಷ. ಫೆಬ್ರುವರಿ–ಮಾರ್ಚ್‌ನಲ್ಲಿ ಬಳ್ಳಿಯ ಬುಡದಿಂದ ಹೊರಟ ಹರಿಯುವ ಕುಡಿಗಳನ್ನು ಎರಡು ಮೂರು ಗೆಣ್ಣಿಗೊಂದರಂತೆ ಕತ್ತರಿಸಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ನೆಟ್ಟು ನೆರಳಿನಲ್ಲಿಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಸಸಿ ಸಿದ್ಧ. ತೋಟದವರು ಆಗ ಅದನ್ನೇ ಹುಡುಕುತ್ತಿರುತ್ತಾರೆ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸತೊಡಗಿದರು. ನಿಮಗೆ ಸ್ಟುಡಿಯೋ ಇಲ್ಲವೆಂಬ ಕೊರಗು ಬೇಡ. ಮಳೆಗಾಲದಲ್ಲಿ ಕೊಡಗಿನ ಯಾವ ಮನೆಯಲ್ಲಾದರೂ ಒಂದು ಕೋಣೆಯ ತುಂಬ ಹಗ್ಗ ಕಟ್ಟಿ ಒಣಗದ ಬಟ್ಟೆ ಹರವಿರುತ್ತಾರಲ್ಲ, ಅಲ್ಲಿ ಕುಳಿತು ನಿರೂಪಣೆ ಓದಿ. ಗೋಡೆಗೆ ಬಡಿದು ಮರಳುವ ಸದ್ದನ್ನು ಆ ಕಂಬಳಿ, ಸೀರೆಗಳೇ ನುಂಗುತ್ತವೆ. ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೇರಕ್ಕಲ್ಲ, ತುಸು ಪಕ್ಕಕ್ಕೆ ಹಿಡಿಯಿರಿ. ಇಲ್ಲವಾದರೆ ‘ಪ’, ‘ಬ’ ಬಂದಾಗಲೆಲ್ಲ ಉಸಿರು ಮೈಕಿಗೆ ಗುದ್ದುತ್ತದೆ. ತಗಡಿನ ಸೂರಿನಡಿ ಸಂದರ್ಶನ ಮಾಡಲೇಬೇಡಿ. ತೋಟದಲ್ಲಿ ಮಾತು ಮುಗಿದ ಮೇಲೆ ಯಾರೂ ಬಾಯಿ ಬಿಡದೆ ಒಂದು ನಿಮಿಷ ಬರೀ ಮಳೆಯನ್ನು ಮುದ್ರಿಸಿಕೊಳ್ಳಿ. ಮಾತನ್ನು ಕತ್ತರಿಸಿ ಜೋಡಿಸಿದ ಕಡೆ ಅದನ್ನು ಕೆಳಗೆ ಹಾಸಿದರೆ ಬೆಸುಗೆ ಕೇಳಿಸದು. ಜೋಡಿಸಲು ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು.

ಯಾರನ್ನು ಮಾತಾಡಿಸಬೇಕು? ಉದ್ಘಾಟನೆಗೆ ಬಂದ ಗಣ್ಯರನ್ನಂತೂ ಅಲ್ಲ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ: ಮಕ್ಕಳು ಯಾವ ಸೊಪ್ಪನ್ನು ತಟ್ಟೆಯ ಬದಿಗೆ ಸರಿಸುತ್ತಾರೆ? ಬಸವನಹುಳುವಿನಿಂದ ಸಸಿ ಉಳಿಸುವ ಬಗೆಯನ್ನು ಹಿರಿಯರಿಂದ ಕೇಳಿ. ಇಷ್ಟು ಮಳೆ ಬೀಳುವ ನೆಲ ಹುಳಿಯಾಗುವುದೇಕೆ, ಸುಣ್ಣ ಯಾವಾಗ ಹಾಕಬೇಕು ಎಂಬುದಕ್ಕೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವಿದೆ. ಅಜ್ಜಿಯೊಬ್ಬರು ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಮಾತಾಡಿದರೆ ಕನ್ನಡಕ್ಕೆ ತಿರುಗಿಸುವಂತೆ ಅವರನ್ನು ಒತ್ತಾಯಿಸಬೇಡಿ. ಅವರ ದನಿ ಹಾಗೇ ಕೇಳಲಿ, ಹಿಂದೆಯೇ ಎರಡು ಸಾಲಿನಲ್ಲಿ ಅರ್ಥ ಹೇಳಿ. ಕಾರ್ಯಕ್ರಮ ಚೆನ್ನಾಗಿ ಬಂದರೆ ಮಡಿಕೇರಿ ಆಕಾಶವಾಣಿಯವರಿಗೆ ಕೇಳಿಸಿ. ನೀವೇ ಪ್ರಸಾರಕ್ಕೆ ಇಳಿಯಬೇಡಿ. ಶಿಕ್ಷಣ ಸಂಸ್ಥೆಗಳಿಗೆ 2002ರಿಂದ ಸಮುದಾಯ ಬಾನುಲಿಗೆ ಅವಕಾಶವಿದೆ ನಿಜ, ಆದರೆ ಪರವಾನಗಿ ಬೇಕು.

ರೆಸಾರ್ಟಿನ ಹಣ ತೆಗೆದುಕೊಳ್ಳಿ, ತಪ್ಪಿಲ್ಲ. ಹೆಸರನ್ನು ತೊಟ್ಟಿಯ ಮೇಲೆ ಬರೆಸಿ, ಕಾರ್ಯಕ್ರಮದಲ್ಲಿ ಬೇಡ. ಅದಕ್ಕೆ ಅವರು ಒಪ್ಪದಿದ್ದರೆ ಕೈಮುಗಿದು ಬನ್ನಿ. ಕೊಟ್ಟರೆ ಆ ಹೊತ್ತಿಗೇ ರಸೀದಿ ಹರಿದು ಕೊಡಿ. ಹಣ ಯಾವ ವಿದ್ಯಾರ್ಥಿಯ ಖಾತೆಗೂ ಹೋಗದೆ, ಕಾಲೇಜಿನ ಒಪ್ಪಿಗೆ ಪಡೆದು ತೆರೆದ ಜಂಟಿ ಖಾತೆಗೇ ಬೀಳಲಿ.