ಸೈರನ್ ನಿಲ್ಲಿಸಿ, ಚಿಪ್ ಉಳಿಸಿಕೊಳ್ಳಿ

ಪ್ರಶ್ನೆ: ದೀಪಾವಳಿಗೆ ಹಳೆಯ ಕಾರೊಂದನ್ನು ಕೊಂಡೆ. ಮೊದಲ ಮಾಲೀಕರು ಹೊರಗಿನ ಅಂಗಡಿಯಲ್ಲಿ ಅಲಾರಂ ಹಾಕಿಸಿದ್ದಾರೆ. ನಮ್ಮ ಮನೆ ರೈಲು ಹಳಿಯ ಹತ್ತಿರವಿದೆ. ರಾತ್ರಿ ಎರಡು ಮೂರು ಸಲ ಕಾರು ತಾನಾಗಿಯೇ ಕೂಗುತ್ತದೆ. ಪಕ್ಕದ ಮನೆಯ ಅಜ್ಜಿಗೆ ಹೃದಯದ ತೊಂದರೆ ಇದೆ, ಅವರ ಮುಖ ನೋಡಲು ನನಗೆ ನಾಚಿಕೆ. ಎಲ್ಲ ವೈರ್ ಕತ್ತರಿಸಿ, ಕೀಲಿಯ ಚಿಪ್ಪನ್ನೂ ಬೈಪಾಸ್ ಮಾಡಿಕೊಡುತ್ತೇನೆ ಎಂದು ಎಲೆಕ್ಟ್ರಿಷಿಯನ್ ಒಬ್ಬರು ಹೇಳುತ್ತಾರೆ. ಮಾಡಿಸಲೇ?
— ಓದುಗರು, ಶಹಾಬಾದ್

ಉತ್ತರ: ದಯವಿಟ್ಟು ಬೇಡ. ಅಜ್ಜಿಯ ನಿದ್ದೆ ಕೆಡಿಸುತ್ತಿರುವುದು ಚಿಪ್ ಅಲ್ಲ. ಅದು ಕೀಲಿಯ ತಲೆಯೊಳಗೆ ಬ್ಯಾಟರಿಯೂ ಇಲ್ಲದೆ ಸುಮ್ಮನೆ ಕುಳಿತಿರುತ್ತದೆ. ಕೀಲಿ ಹಾಕಿದಾಗ ಕೀಲಿರಂಧ್ರದ ಸುತ್ತಲಿನ ತಂತಿಯ ಸುರುಳಿ ಅದನ್ನು ಎಚ್ಚರಿಸುತ್ತದೆ. ಅದರ ಸಂಕೇತ ಕಾರಿನಲ್ಲಿರುವುದಕ್ಕೆ ಹೊಂದದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ನಾಯಿ ಬೊಗಳುತ್ತದೆ ಎಂದು ಯಾರಾದರೂ ಮನೆಯ ಬಾಗಿಲು ಕಿತ್ತುಹಾಕುತ್ತಾರೆಯೇ?

ಇಂದು ರಾತ್ರಿಯ ಮಟ್ಟಿಗೆ ರಿಮೋಟ್ ಮುಟ್ಟದೆ ಕೀಲಿಯಿಂದಲೇ ಬಾಗಿಲು ಹಾಕಿ. ಹೊರಗೆ ಹಾಕಿಸಿದ ಬಹಳಷ್ಟು ಅಲಾರಂಗಳು ಆಗ ಕಾವಲಿಗೆ ನಿಲ್ಲುವುದಿಲ್ಲ, ಚಿಪ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ನನ್ನ ಮೊದಲ ಅನುಮಾನ ಗೂಡ್ಸ್ ಗಾಡಿಯ ಮೇಲೆ. ನಿಮ್ಮೂರಿನ ಮೂಲಕ ಹೋಗುವುದು ಮುಂಬೈ–ಚೆನ್ನೈ ಮಾರ್ಗ. ತುಂಬಿದ ಗಾಡಿ ಹೋದರೆ ಅಂಗಳದ ಪರಸಿಯೂ ನಡುಗುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಂಪನ ಸೆನ್ಸರ್ ಇರುತ್ತದೆ, ಅದರ ಮೇಲೊಂದು ಪುಟ್ಟ ಸ್ಕ್ರೂ. ಸಾಮಾನ್ಯವಾಗಿ ಎಡಕ್ಕೆ ತಿರುಗಿಸಿದರೆ ಸೂಕ್ಷ್ಮತೆ ಇಳಿಯುತ್ತದೆ. ಕೂದಲೆಳೆಯಷ್ಟೇ ತಿರುಗಿಸಿ, ರಿಮೋಟಿನಿಂದ ಲಾಕ್ ಮಾಡಿ, ಅಂಗೈಯಿಂದ ಗಾಜಿಗೆ ಬಡಿದು ನೋಡಿ. ಮೆಲ್ಲಗೆ ತಟ್ಟಿದರೆ ಸುಮ್ಮನಿರಬೇಕು, ಜೋರಾಗಿ ಬಡಿದರೆ ಕೂಗಬೇಕು. ಆಮೇಲೆ ಒಂದು ಗಾಡಿ ಹೋಗುವವರೆಗೆ ಅಲ್ಲಿಯೇ ನಿಂತಿರಿ. ನಿಜವಾದ ಪರೀಕ್ಷೆ ಅದೇ.

ಗಾಡಿ ಇಲ್ಲದ ಹೊತ್ತಿನಲ್ಲೂ ಕೂಗಿದರೆ ಬಾನೆಟ್ ಸ್ವಿಚ್ ನೋಡಿ; ಬಾನೆಟ್ ತೆರೆದರೆ ಅಲಾರಂಗೆ ತಿಳಿಸುವ ಗುಂಡಿ ಅದು. ಹೋದ ಬೇಸಿಗೆಯಲ್ಲಿ ಕಲ್ಲಿನ ಗಣಿಯ ಕಡೆಯಿಂದ ನನ್ನ ಶೆಡ್ಡಿಗೆ ಒಂದು ಕಾರು ಬಂದಿತ್ತು. ಅದರ ಸ್ವಿಚ್ಚಿನ ರಬ್ಬರ್ ಟೋಪಿ ಸವೆದು ಉದುರಿತ್ತು, ಸುತ್ತಲೂ ಬೂದು ಕಲ್ಲುಪುಡಿ ಎಣ್ಣೆಯೊಂದಿಗೆ ಸೇರಿ ಹೆಪ್ಪುಗಟ್ಟಿತ್ತು. ಗುಂಡಿ ಉಗುರಿನಷ್ಟು ಮೋಟಾಗಿದ್ದರಿಂದ ಬಾನೆಟ್ ಅದನ್ನು ಅರೆಬರೆ ಒತ್ತುತ್ತಿತ್ತು. ಗಾಳಿ ಬೀಸಿದರೂ ಸೈರನ್! ಆ ಸ್ವಿಚ್ಚೊಂದನ್ನು ಬದಲಿಸಿದೆ, ಅಷ್ಟೇ. ಬ್ಯಾಟರಿಯನ್ನೂ ಅಳೆಸಿ: ಕೆಲವು ಗಂಟೆ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್, 12.2ಕ್ಕಿಂತ ಕೆಳಗಿದ್ದರೆ ಅರ್ಧಕ್ಕಿಂತ ಕಡಿಮೆ. ಸೊರಗಿದ ಬ್ಯಾಟರಿಯಿಂದಲೂ ಕೆಲವು ಅಲಾರಂಗಳು ಕೂಗುತ್ತವೆ.

ಇಷ್ಟಾದರೂ ನಿಲ್ಲದಿದ್ದರೆ ಅಲಾರಂ ಸೆಟ್ ಪೂರ್ತಿ ತೆಗೆಸಿ, ನಾನು ತಡೆಯುವುದಿಲ್ಲ. ಆದರೆ ಕತ್ತರಿಸಿ ಟೇಪ್ ಸುತ್ತುವವರ ಕೈಗೆ ಕೊಡಬೇಡಿ. ಕಾರಿನ ಮೂಲ ವೈರುಗಳನ್ನು ಮೊದಲಿದ್ದಂತೆ ಜೋಡಿಸಿಕೊಡುವವರನ್ನು ಹುಡುಕಿ.

ಎರಡನೆಯ ಕೀಲಿ ನಿಮ್ಮ ಕೈಗೆ ಬಂದಿದೆಯೇ? ಬಂದಿಲ್ಲದಿದ್ದರೆ ಮಾರಿದವರನ್ನು ಈ ವಾರವೇ ಕೇಳಿ. ಕಾರು ಕಳುವಾದರೆ ವಿಮೆಯವರು ಎರಡೂ ಕೀಲಿಗಳನ್ನು ಕೇಳುತ್ತಾರೆ.